ಬೆಳಕಿನ ವೇಳಾಪಟ್ಟಿ

ನಿಸರ್ಗದೃಶ್ಯಗಳ ಛಾಯಾಚಿತ್ರ ತೆಗೆಯಲು ಹೊರಡುವ ನಮ್ಮ ಹವ್ಯಾಸಿ ಮಿತ್ರರಲ್ಲಿ ಈಚೆಗೆ ಒಂದು ಪದ್ಧತಿ ಬೇರೂರಿದೆ. ತೆಗೆಯಬೇಕಾದ ಚಿತ್ರವನ್ನು ಅವರು ಊರು ಬಿಡುವ ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಯಾವ ತಿಂಗಳು, ಎಷ್ಟು ಗಂಟೆ ಎಷ್ಟು ನಿಮಿಷ, ಎಲ್ಲಿ ನಿಲ್ಲಬೇಕು, ಎತ್ತ ಮುಖ ಮಾಡಬೇಕು, ಎಲ್ಲವೂ ಕಾಗದದ ಮೇಲೆ ಸಿದ್ಧ. ಉಳಿದಿರುವುದು ಹೋಗಿ ಗುಂಡಿ ಒತ್ತುವುದೊಂದೇ. ಇದನ್ನು ಅವರು ಶಿಸ್ತು ಎಂದು ಕರೆಯುತ್ತಾರೆ. ನನಗೆ ಇದು ದಿನಸಿ ಅಂಗಡಿಗೆ ಚೀಟಿ ಬರೆದು ಕಳಿಸುವ ಕೆಲಸದಂತೆ ಕಾಣುತ್ತದೆ. ಅಂಗಡಿಯ ಚೀಟಿಯಲ್ಲಾದರೂ ಬೇಳೆ ಎಷ್ಟು, ಬೆಲ್ಲ ಎಷ್ಟು ಎಂಬುದರ ಜೊತೆಗೆ ಯಾರ ಅಂಗಡಿ ಎಂಬುದು ಇರುತ್ತದೆ. ಈ ಚೀಟಿಯಲ್ಲಿ ಅದೂ ಇರುವುದಿಲ್ಲ.

ಆಕ್ಷೇಪ ಎತ್ತುವವನು ಉದಾಹರಣೆ ಕೊಡಬೇಕಷ್ಟೆ. ನನ್ನ ಮೇಜಿನ ಮೇಲೆ ಅಂಥ ಒಂದು ಚೀಟಿ ಇದೆ, ನಾಲ್ಕು ಪುಟದ್ದು. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿರುವ ನನ್ನ ಅಕ್ಕನ ಮಗ ಕಳುಹಿಸಿದ್ದು. ಅವನಿಗೂ ಅವನ ಇಬ್ಬರು ಗೆಳೆಯರಿಗೂ ಕ್ಯಾಮರಾದ ಹುಚ್ಚು. ನಾನೂ ಆ ಹುಚ್ಚಿಗೆ ಹೊರತಾದವನಲ್ಲ. ನಾನು ಅಲ್ಲಿಗೆ ಹೋದಾಗ ಎಲ್ಲರೂ ಕೂಡಿ ಆಂಟಿಲೋಪ್ ಕ್ಯಾನಿಯನ್ ಎಂಬ ಮರಳುಗಾಡಿನ ಕೊರಕಲಿಗೆ ಹೋಗಿ ಚಿತ್ರ ತೆಗೆಯುವುದೆಂದು ಮಾತಾಗಿದೆ. ಅದರ ಯೋಜನೆಯೇ ಈ ಪತ್ರ. ಆಗಸ್ಟ್ ಎರಡನೆಯ ವಾರ. ಬೆಳಗಿನ ಜಾವ ಹೊರಟು ನಾಲ್ಕೂವರೆ ಗಂಟೆ ಕಾರಿನಲ್ಲಿ ಸಾಗಿದರೆ ಪೇಜ್ ಎಂಬ ಊರು. ನಡುಹಗಲಿಗೆ ಮೇಲಿನ ಕೊರಕಲು. ಸಂಜೆಗೆ ಕೊಲರಾಡೊ ನದಿ ಕುದುರೆಯ ಲಾಳದಂತೆ ತಿರುಗುವ ಹಾರ್ಸ್‌ಶೂ ಬೆಂಡ್, ಸೂರ್ಯಾಸ್ತ. ಮರುದಿನ ಕೆಳಗಿನ ಕೊರಕಲು. ಯಾವ ಲೆನ್ಸು, ಎಷ್ಟು ಐಎಸ್ಒ, ಒಳಗೆ ಲೆನ್ಸು ಬದಲಿಸಿದರೆ ಮರಳು ಹೊಕ್ಕು ಕ್ಯಾಮರಾ ಕೆಡುತ್ತದೆ ಎಂಬ ಎಚ್ಚರಿಕೆ, ಎಲ್ಲವೂ ಇವೆ. ಗಡಿಯಾರದ ವಿಷಯವಾಗಿಯೂ ಒಂದು ಟಿಪ್ಪಣಿ ಇದೆ: ಅರಿಜೋನಾದವರು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದಿಲ್ಲ, ಆ ರಾಜ್ಯದೊಳಗೇ ಇರುವ ನವಾಹೋ ನಾಡಿನವರು ತಿರುಗಿಸುತ್ತಾರೆ, ಆದರೆ ಕೊರಕಲಿನ ಗೈಡುಗಳು ಮಾತ್ರ ಅರಿಜೋನಾದ ಗಂಟೆಯನ್ನೇ ಅನುಸರಿಸುತ್ತಾರೆ, ಆದ್ದರಿಂದ ಮೊಬೈಲನ್ನು ನಂಬಬೇಡಿ ಎಂದು. ನವಾಹೋ ಎಂಬ ಮಾತು ಆ ನಾಲ್ಕು ಪುಟಗಳಲ್ಲಿ ಬರುವುದು ಇದೊಂದೇ ಸಲ, ಗಡಿಯಾರಕ್ಕೆ ಒದಗಿದ ತೊಡಕಾಗಿ.

ಆ ಸ್ಥಳದ ಚಿತ್ರವನ್ನು ನೋಡದವರು ಕಡಿಮೆ. ಸುಮಾರು 120 ಅಡಿ ಆಳದ ಬಿರುಕು; ತಳದಲ್ಲಿ ಕೆಲವೆಡೆ ಇಬ್ಬರು ಪಕ್ಕಪಕ್ಕ ನಡೆಯಲಾರದಷ್ಟು ಕಿರಿದು. ಮೇಲಿನ ಸೀಳಿನಿಂದ ಇಳಿದ ಬಿಸಿಲು ಈ ಗೋಡೆಗೆ ಬಡಿದು, ಅಲ್ಲಿಂದ ಆ ಗೋಡೆಗೆ ಪುಟಿದು, ಕಲ್ಲೆಲ್ಲ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ, ಸೂರ್ಯ ನೆತ್ತಿಯ ಮೇಲಿರುವ ಹೊತ್ತಿಗೆ, ಸೀಳಿನಿಂದ ಬೆಳಕು ಕಂಬದಂತೆ ನೆಟ್ಟಗೆ ಕೆಳಗೆ ಇಳಿಯುತ್ತದೆ. ಈ ಕಂಬವೇ ನಮ್ಮ ಯೋಜನೆಯ ಆರಾಧ್ಯದೈವ. ಅದು ಚೆನ್ನಾಗಿ ಕಾಣಬೇಕಾದರೆ ಗಾಳಿಯಲ್ಲಿ ದೂಳು ಬೇಕು; ಆದ್ದರಿಂದ ಒಂದು ಹಿಡಿ ಮರಳನ್ನು ಮೇಲಕ್ಕೆ ತೂರಿ, ಅದು ಇಳಿಯುವಾಗ ಚಿತ್ರ ತೆಗೆಯುತ್ತಾರೆ. ಇದು ಅಲ್ಲಿ ರೂಢಿ. ಪೀಟರ್ ಲಿಕ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕ ಇಂಥ ದೂಳಿನ ಕಂಬವೊಂದರ ಕಪ್ಪು ಬಿಳುಪು ಚಿತ್ರಕ್ಕೆ ‘ಫ್ಯಾಂಟಮ್’ ಎಂದು ಹೆಸರಿಟ್ಟು, 2014ರಲ್ಲಿ ಅದು 65 ಲಕ್ಷ ಡಾಲರಿಗೆ ಮಾರಾಟವಾಯಿತೆಂದು ಸಾರಿದ. ಕೊಂಡವರು ಯಾರೆಂದು ಹೇಳಲಿಲ್ಲ. ಹೋಗಲಿ, ಮಾರಿಕೊಳ್ಳಲಿ. ನನಗೆ ಸೋಜಿಗವಾಗುವುದು ಬೇರೆ. ಅಲ್ಲಿನ ನಿರ್ವಾಹಕರು 2019ರ ಕೊನೆಗೆ ಛಾಯಾಚಿತ್ರಕಾರರ ಪ್ರತ್ಯೇಕ ತಂಡಗಳನ್ನು ನಿಲ್ಲಿಸಿಬಿಟ್ಟರು. ಟ್ರೈಪಾಡಿಗೂ ಈಗ ಅವಕಾಶವಿಲ್ಲ. ಸಾಮಾನ್ಯ ಪ್ರವಾಸಿಗಳ ಸಾಲಿನಲ್ಲಿ ನುಗ್ಗಿ, ಮುಂದಿನವನ ಟೋಪಿ ತಪ್ಪಿಸಿ, ಅವಸರದಲ್ಲಿ ಕೈಯಲ್ಲೇ ಹಿಡಿದು ತೆಗೆಯಬೇಕು. ಅಷ್ಟಾಗಿಯೂ ಹೊರಗೆ ಬರುವ ಚಿತ್ರಗಳಲ್ಲಿ ಒಬ್ಬ ನರಪಿಳ್ಳೆಯೂ ಇರುವುದಿಲ್ಲ. ಸಂತೆಯಲ್ಲಿ ತೆಗೆದ ತಪೋವನದ ಚಿತ್ರ!

ಹೆಸರಿನ ಮಾತಿಗೆ ಬರುತ್ತೇನೆ. ಕನ್ನಡ ಪಾಠ ಹೇಳುವವನಿಗೆ ಹೆಸರನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ. ಒಂದು ಕಾಲಕ್ಕೆ ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಪ್ರಾಣಿಗಳು ಅಲ್ಲಿ ಮೇಯುತ್ತಿದ್ದುವೆಂದು ಇಂಗ್ಲಿಷಿನಲ್ಲಿ ಆಂಟಿಲೋಪ್ ಎಂಬ ಹೆಸರು ಬಂತು. ನವಾಹೋ ಜನ ಮೇಲಿನ ಕೊರಕಲನ್ನು ಕರೆಯುವುದು ‘ತ್ಸೆ ಬಿಘಾನಿಲಿನಿ’ ಎಂದು. ಬಂಡೆಯ ನಡುವೆ ನೀರು ಹರಿಯುವ ಜಾಗ ಎಂದು ಅದರ ಅರ್ಥ. ಇದನ್ನು ತಿಳಿದಾಗ ನನಗೆ ನಮ್ಮ ಮಾತೇ ನೆನಪಾಯಿತು. ಕಣಿವೆ, ಕಮರಿ, ಕಂದರ ಎಂದು ನಮ್ಮಲ್ಲಿ ಹಲವು ಶಬ್ದಗಳಿವೆ. ಆದರೆ ‘ಕೊರಕಲು’ ಎಂಬ ಶಬ್ದದಲ್ಲಿ ಮಾತ್ರ ಕೊರೆದದ್ದು ಎಂಬ ಕ್ರಿಯೆ ಉಳಿದುಕೊಂಡಿದೆ. ಮಳೆನೀರು ಹರಿದು ಕೊರೆದ ಹೊಲದ ಬದುವನ್ನು ಕಂಡ ಯಾವ ರೈತನೂ ಆ ಶಬ್ದವನ್ನು ಕೇಳಿದರೆ ಬೆಳಕನ್ನು ನೆನೆಯುವುದಿಲ್ಲ, ನೀರನ್ನು ನೆನೆಯುತ್ತಾನೆ. ನವಾಹೋ ಕುರುಬರೂ ಹಾಗೆಯೇ ನೆನೆದರು. ನಮ್ಮ ನಾಲ್ಕು ಪುಟದ ಯೋಜನೆಯಲ್ಲಿ ಬೆಳಕು ಎಂಬ ಮಾತು ಇಪ್ಪತ್ತಕ್ಕೂ ಹೆಚ್ಚು ಕಡೆ ಬರುತ್ತದೆ. ನೀರು ಎಂಬ ಮಾತು ಒಂದು ಸಲ: ತಲೆಗೆ ಎರಡು ಬಾಟಲಿ.

1997ರ ಆಗಸ್ಟ್ 12ರಂದು ಕೆಳಗಿನ ಕೊರಕಲಿನಲ್ಲಿ ಹನ್ನೊಂದು ಜನ ಪ್ರವಾಸಿಗಳು ನೀರಿನಲ್ಲಿ ಕೊಚ್ಚಿಹೋದರು. ಹೆಚ್ಚಿನವರು ಫ್ರಾನ್ಸಿನಿಂದ ಬಂದವರು. ಬದುಕಿ ಉಳಿದವನು ಒಬ್ಬನೇ, ಅವರ ಜೊತೆಗಿದ್ದ ಗೈಡು. ಕೊರಕಲಿನ ಮೇಲೆ ಆ ಹೊತ್ತು ಮಳೆ ಇತ್ತೆಂದು ಹೇಳುವಷ್ಟೂ ಇರಲಿಲ್ಲ. ಬಿರುಮಳೆ ಸುರಿದದ್ದು ಮೈಲಿಗಟ್ಟಲೆ ಮೇಲೆ, ಅದೇ ಹಳ್ಳದ ತಲೆಯ ಕಡೆ. ಆ ಸೀಮೆಯ ನೆಲ ಬರೀ ಬಂಡೆ; ಮಣ್ಣು ತೆಳ್ಳಗೆ; ಬಿದ್ದ ನೀರು ಇಂಗುವುದಿಲ್ಲ. ನಾಲ್ಕೂ ಕಡೆಯಿಂದ ಓಡಿ ಬಂದು ಒಂದು ಹಳ್ಳದಲ್ಲಿ ಸೇರುತ್ತದೆ. ಆ ಹಳ್ಳ ಈ ಸೀಳಿನೊಳಗೆ ನುಗ್ಗುವಾಗ ಅಗಲವಾಗಿ ಹರಡಲು ಜಾಗವಿಲ್ಲದೆ ಎತ್ತರವಾಗಿ ಏಳುತ್ತದೆ. ಅಂದು ಇದ್ದ ಮರದ ಏಣಿಗಳು ನೀರಿನ ಜೊತೆಗೇ ಹೋದುವು. 2006ರ ಅಕ್ಟೋಬರಿನಲ್ಲಿ ಮತ್ತೆ ಪ್ರವಾಹ ಬಂದು ಕೆಳಗಿನ ಕೊರಕಲನ್ನು ತಿಂಗಳುಗಟ್ಟಲೆ ಮುಚ್ಚಬೇಕಾಯಿತು.

ಅರಿಜೋನಾದಲ್ಲಿ ಜುಲೈಯಿಂದ ಸೆಪ್ಟೆಂಬರಿನವರೆಗೆ ಮಧ್ಯಾಹ್ನದ ಮೇಲೆ ಗುಡುಗಿನ ಮಳೆ ಬರುವ ಕಾಲ. ಅದಕ್ಕೆ ಅಲ್ಲಿಯೂ ‘ಮಾನ್ಸೂನ್’ ಎಂದೇ ಹೆಸರು. ಬೆಳಕಿನ ಕಂಬ ಕಾಣುವ ತಿಂಗಳುಗಳ ನಡುವೆಯೇ ಈ ಮಳೆಯ ತಿಂಗಳುಗಳು ಕೂಡಿಕೊಂಡಿವೆ. ನಮ್ಮ ಯೋಜನೆ ಗೊತ್ತುಮಾಡಿದ ವಾರವಂತೂ ಆ ಹನ್ನೊಂದು ಜನ ಹೋದ ವಾರವೇ. ಪತ್ರದಲ್ಲಿ ಹವಾಮಾನಕ್ಕೆ ಒಂದು ಅಂಕಣವಿದೆ. ಅದರಲ್ಲಿ ಪೇಜ್ ಊರಿನ ಮೇಲೆ ಎಷ್ಟು ಮೋಡ ಇರಬಹುದು ಎಂಬ ಲೆಕ್ಕವಿದೆ. ಮೋಡ ಇದ್ದರೆ ಬೆಳಕಿನ ಕಂಬ ಬೀಳುವುದಿಲ್ಲವಲ್ಲ, ಅದಕ್ಕೆ! ಹಳ್ಳದ ತಲೆಯ ಕಡೆ ಏನಾಗುತ್ತಿರಬಹುದು ಎಂಬುದಕ್ಕೆ ಅಂಕಣವಿಲ್ಲ.

ಇದನ್ನು ನಾನು ಬರೆದು ತಿಳಿಸಿದಾಗ ಹುಡುಗ ಕೊಟ್ಟ ಉತ್ತರ ನ್ಯಾಯವಾದದ್ದೇ. “ಮಾಮ, ಈಗ ಅಲ್ಲಿ ಕಬ್ಬಿಣದ ಏಣಿಗಳಿವೆ, ಎಚ್ಚರಿಕೆಯ ಸೈರನ್ ಇದೆ. ಗೈಡ್ ಇಲ್ಲದೆ ಒಬ್ಬರನ್ನೂ ಒಳಕ್ಕೆ ಬಿಡುವುದಿಲ್ಲ. ಮಳೆಯ ಸೂಚನೆ ಬಂದರೆ ಅವರೇ ಟೂರ್ ರದ್ದು ಮಾಡುತ್ತಾರೆ. ನಿಮಗೆ ಯಾಕೆ ಭಯ?” ಭಯವಲ್ಲವಪ್ಪ. ನನ್ನ ಜೀವದ ಹೊಣೆಯನ್ನು ಆ ಗೈಡು ಹೊರುತ್ತಾನೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹೊಣೆಯೆಲ್ಲ ಅವನಿಗೆ, ನೋಟವೆಲ್ಲ ನಮಗೆ ಎಂಬ ಹಂಚಿಕೆ ಹೇಗೆ ಬಂತು? ಆ ಗೋಡೆಯ ಮೇಲಿನ ಒಂದೊಂದು ನಯವಾದ ಬಳುಕೂ ಪ್ರವಾಹದ ಕೈಬರಹ. ಮಣ್ಣು ಮರಳು ಮರದ ದಿಮ್ಮಿಗಳನ್ನು ಹೊತ್ತುಕೊಂಡು ಬಂದ ನೀರು ಉಜ್ಜಿ ಉಜ್ಜಿ ಮಾಡಿದ ರೂಪ. ಬೆಳಕು ಅಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಬಂದುಹೋಗುವ ಅತಿಥಿ, ಮನೆ ನೀರಿನದು. ಮನೆಯವನ ಗುರುತೇ ಸಿಗದಂತೆ ಚಿತ್ರ ತೆಗೆಯುವುದನ್ನು ಕಲೆ ಎನ್ನುವುದಾದರೆ ಆ ಕಲೆ ಏನನ್ನು ಕಂಡಿತು ಎಂದು ಕೇಳುವ ಹಕ್ಕು ನೋಡುವವನಿಗೆ ಇದ್ದೇ ಇದೆ.

ಚೌಕಟ್ಟಿನ ಹೊರಗೆ ಬಿಟ್ಟದ್ದರ ಪಟ್ಟಿ ಇಲ್ಲಿಗೇ ಮುಗಿಯುವುದಿಲ್ಲ. ಕೊರಕಲಿನಿಂದ ಕೆಲವೇ ಮೈಲಿ ದೂರದಲ್ಲಿ 2020ರ ಡಿಸೆಂಬರಿನವರೆಗೆ 775 ಅಡಿ ಎತ್ತರದ ಮೂರು ಹೊಗೆಗೂಡುಗಳು ನಿಂತಿದ್ದುವು. ನವಾಹೋ ಜನರೇಟಿಂಗ್ ಸ್ಟೇಷನ್ ಎಂಬ ಕಲ್ಲಿದ್ದಲಿನ ವಿದ್ಯುತ್ ಕೇಂದ್ರ ಅದು. 2019ರ ನವೆಂಬರಿನಲ್ಲಿ ನಿಂತುಹೋಯಿತು, ಮರುವರ್ಷ ಹೊಗೆಗೂಡುಗಳನ್ನು ಸಿಡಿಮದ್ದಿನಿಂದ ಉರುಳಿಸಿದರು. ಕೊರಕಲನ್ನು ಚಿತ್ರಿಸಿದ ಲಕ್ಷಾಂತರ ಜನ ಆ ಹೊಗೆಗೂಡುಗಳನ್ನು ಕಂಡೇ ಒಳಗೆ ಹೋಗಿರಬೇಕು. ಅವರ ಚಿತ್ರಗಳಲ್ಲಿ ಅವನ್ನು ಹುಡುಕಿ ನೋಡಿ. ಆ ಕೇಂದ್ರ ಹುಟ್ಟಿದ್ದಾದರೂ ಯಾತಕ್ಕೆ? ಮುಖ್ಯವಾಗಿ ಕೊಲರಾಡೊ ನದಿಯ ನೀರನ್ನು ಸುಮಾರು 540 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಎತ್ತಿ ಫೀನಿಕ್ಸ್ ಮತ್ತು ಟೂಸಾನ್ ನಗರಗಳ ಕಡೆಗೆ ಸಾಗಿಸುವ ಪಂಪುಗಳಿಗಾಗಿ. ಕಲ್ಲಿದ್ದಲು ಬಂದದ್ದು ನವಾಹೋ ಮತ್ತು ಹೋಪಿ ಜನರ ನೆಲದಡಿಯಿಂದ. ಕಾವೇರಿಯನ್ನು ನೂರು ಕಿಲೋಮೀಟರಿನಿಂದ ಎತ್ತಿಸಿಕೊಂಡು ಕುಡಿಯುವ ಬೆಂಗಳೂರಿನವರಿಗೆ ಇಂಥ ಏರ್ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಲ್ಲಿನದರಲ್ಲಿ ಒಂದು ವಿಶೇಷವಿದೆ. ಫೀನಿಕ್ಸಿನ ನಲ್ಲಿಯಲ್ಲಿ ನೀರು ಬರಲು ಯಾರ ಕಲ್ಲಿದ್ದಲು ಉರಿಯಿತೋ ಆ ನವಾಹೋ ನಾಡಿನಲ್ಲಿ ಹತ್ತು ಮನೆಗಳಲ್ಲಿ ಸುಮಾರು ಮೂರಕ್ಕೆ ಇವತ್ತಿಗೂ ನಲ್ಲಿಯ ನೀರಿಲ್ಲ. ಡ್ರಮ್ಮುಗಳಲ್ಲಿ ತುಂಬಿ, ಗಾಡಿಯಲ್ಲಿ ಹೇರಿಕೊಂಡು ತರುತ್ತಾರೆ. ತಮ್ಮ ನೀರಿನ ಹಕ್ಕಿಗೆ ದಾರಿ ಮಾಡಿಕೊಡುವ ಹೊಣೆ 1868ರ ಒಪ್ಪಂದದ ಪ್ರಕಾರ ಸರ್ಕಾರದ್ದು ಎಂದು ಅವರು ಹೂಡಿದ್ದ ದಾವೆಯನ್ನು ಅಮೆರಿಕದ ಸುಪ್ರೀಂ ಕೋರ್ಟು 2023ರ ಜೂನಿನಲ್ಲಿ, ಐವರು ಒಂದು ಕಡೆ ನಾಲ್ವರು ಒಂದು ಕಡೆಯಾಗಿ, ತಳ್ಳಿಹಾಕಿತು.

ಯೋಜನಾಪತ್ರದಲ್ಲಿ ಬರೆದ ಆ ‘ತಲೆಗೆ ಎರಡು ಬಾಟಲಿ’ಯನ್ನು ತುಂಬಿಸುವುದು ಫೀನಿಕ್ಸಿನ ನಲ್ಲಿಯಲ್ಲಿ. ಇದನ್ನು ಹುಡುಗನಿಗೆ ತಿಳಿಸಿದೆ. ಅದಕ್ಕೆ ಅವನು ಏನೂ ಉತ್ತರ ಬರೆದಿಲ್ಲ.

ಛಾಯಾಚಿತ್ರದ ಗುರುಗಳು ಯಾರೂ ಹೀಗೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲವಲ್ಲ ಎಂದು ಒಬ್ಬ ಸ್ನೇಹಿತರು ನನ್ನನ್ನು ಕೇಳಿದರು. ಗುರುಗಳ ಕಥೆಯನ್ನೇ ನೋಡೋಣ. ಇದೇ ನವಾಹೋ ನಾಡಿನಲ್ಲಿ ಕ್ಯಾನಿಯನ್ ಡಿ ಶೇ ಎಂಬ ಇನ್ನೊಂದು ಕಮರಿ ಇದೆ. ಬಂಡೆಯ ಒಳಗೆ ಎಂಬ ಅರ್ಥದ ‘ತ್ಸೇಯಿ’ ಎಂಬ ನವಾಹೋ ಮಾತು ಸ್ಪ್ಯಾನಿಷರ ಬಾಯಲ್ಲಿ ತಿರುಚಿ, ಫ್ರೆಂಚರ ಕಾಗುಣಿತದಲ್ಲಿ ಮತ್ತಷ್ಟು ತಿರುಚಿ ಹೀಗಾಯಿತು. ಅಲ್ಲಿ ಬಂಡೆಯ ಪೊಟರೆಯಲ್ಲಿರುವ ಪುರಾತನ ವಸತಿಯ ಚಿತ್ರವನ್ನು 1873ರಲ್ಲಿ ಟಿಮೊಥಿ ಒಸಲಿವನ್ ತೆಗೆದ. ಸುಮಾರು ಎಪ್ಪತ್ತು ವರ್ಷಗಳ ತರುವಾಯ ಮಹಾನುಭಾವ ಆನ್ಸೆಲ್ ಆಡಮ್ಸ್ ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಿಂತು ಹೆಚ್ಚುಕಡಿಮೆ ಅದೇ ಚಿತ್ರ ತೆಗೆದ. ಎರಡೂ ಅದ್ಭುತವಾದ ಚಿತ್ರಗಳು. ನಾನು ಎಷ್ಟೋ ಸಲ ನೋಡಿದ್ದೇನೆ, ಇನ್ನೂ ನೋಡುತ್ತೇನೆ. ಎತ್ತರವಾದ ಗೋಡೆ, ಪೊಟರೆಯಲ್ಲಿ ಯಾರೂ ಇಲ್ಲದ ಪಾಳುಮನೆ, ಯುಗಯುಗಗಳ ಮೌನ. ಆದರೆ ಒಸಲಿವನ್ ಅಲ್ಲಿಗೆ ಬಂದ ಒಂಬತ್ತೇ ವರ್ಷಗಳ ಹಿಂದೆ, 1864ರಲ್ಲಿ, ಕಿಟ್ ಕಾರ್ಸನ್ನನ ನೇತೃತ್ವದ ದಂಡಯಾತ್ರೆಯಲ್ಲಿ ಅದೇ ಕಮರಿಯ ಹೊಲಗಳನ್ನು ಹಾಳುಮಾಡಿ, ನವಾಹೋಗಳು ಸಾಕಿ ಬೆಳೆಸಿದ್ದ ಸಾವಿರಾರು ಪೀಚ್ ಮರಗಳನ್ನು ಕಡಿದಿದ್ದರು. ಜನರನ್ನು ನ್ಯೂ ಮೆಕ್ಸಿಕೋದ ಬಯಲಿಗೆ ನೂರಾರು ಮೈಲಿ ನಡೆಸಿಕೊಂಡು ಹೋಗಿ ಸೆರೆಯಿಟ್ಟಿದ್ದರು. 1868ರ ಒಪ್ಪಂದದ ಮೇಲೆ ಅವರು ತಿರುಗಿ ಬಂದು ಮತ್ತೆ ಬಿತ್ತಿದರು. ಇವತ್ತಿಗೂ ಅಲ್ಲಿ ಅವರ ಹೊಲಗಳಿವೆ. ಒಸಲಿವನ್ ನವಾಹೋ ನೇಕಾರರ ಚಿತ್ರವನ್ನೂ ಬೇರೆಯಾಗಿ ತೆಗೆದ, ಅದನ್ನು ಮುಚ್ಚಿಡಬಾರದು. ಲೋಕ ನೆನಪಿಟ್ಟುಕೊಂಡದ್ದು ಮಾತ್ರ ಪಾಳುಮನೆಯ ಚಿತ್ರವನ್ನು.

ಎಲಿಯಟ್ ಪೋರ್ಟರನ ವಿಷಯ ಇನ್ನೂ ಕುತೂಹಲಕರವಾದದ್ದು. ಪೇಜ್ ಊರಿನ ಪಕ್ಕದಲ್ಲಿ ಕೊಲರಾಡೊ ನದಿಗೆ ಕಟ್ಟಿದ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನಲ್ಲಿ 1963ರ ಮಾರ್ಚಿಯಲ್ಲಿ ನೀರು ನಿಲ್ಲತೊಡಗಿತು. ಆ ಊರು ಹುಟ್ಟಿದ್ದೇ ಅಣೆಕಟ್ಟಿನ ಕೆಲಸಗಾರರಿಗಾಗಿ, 1957ರಲ್ಲಿ, ನವಾಹೋಗಳಿಂದ ವಿನಿಮಯಕ್ಕೆ ಪಡೆದ ನೆಲದಲ್ಲಿ. ಮುಳುಗಲಿರುವ ಕಮರಿಯ ಬಣ್ಣದ ಚಿತ್ರಗಳನ್ನು ಪೋರ್ಟರ್ ತೆಗೆದಿದ್ದ. ಅದೇ ವರ್ಷ ಸಿಯೆರಾ ಕ್ಲಬ್ಬು ಅವನ್ನು ಪುಸ್ತಕವಾಗಿ ಹೊರತಂದಿತು. ಕಣ್ಣು ತೋಯಿಸುವ ಪುಸ್ತಕ. ಅದಕ್ಕಿಟ್ಟ ಹೆಸರು ‘ಯಾರೂ ಅರಿಯದ ಜಾಗ’ ಎಂಬ ಅರ್ಥದ್ದು. ಯಾರೂ ಎಂದರೆ ಯಾರು? ನವಾಹೋಗಳೂ ಪಯೂಟರೂ ಆ ಜಾಗವನ್ನು ಅರಿಯರೆ? ಅವರು ಪವಿತ್ರವೆಂದು ಭಾವಿಸುವ ಕಲ್ಲಿನ ಕಮಾನಿನ ಬುಡಕ್ಕೇ ಜಲಾಶಯದ ನೀರು ಬಂತು. ಅಣೆಕಟ್ಟನ್ನು ವಿರೋಧಿಸಿದವರೂ ಕೂಡ, ಒಳ್ಳೆಯ ಮನಸ್ಸಿನಿಂದಲೇ, ನಿರ್ಜನವಾದದ್ದು ಮುಳುಗಿತೆಂದು ದುಃಖಿಸಿದರು. ನಿರ್ಜನವೆಂದು ಮೊದಲೇ ಒಪ್ಪಿಕೊಂಡ ನೆಲವನ್ನು ಮುಳುಗಿಸುವುದು ಸುಲಭ ಎಂಬ ಮಾತು ಅವರಿಗೆ ತೋಚಲಿಲ್ಲ.

ಇದರಿಂದ ನಮಗೇನು, ಅದು ಅಮೆರಿಕದ ಕಥೆ ಎನ್ನುವವರು ನಮ್ಮ ಊರುಗಳ ಛಾಯಾಚಿತ್ರ ಪ್ರದರ್ಶನಗಳಿಗೆ ಒಮ್ಮೆ ಹೋಗಿ ಬರಲಿ. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಸಂಘ, ಬ್ರಿಟನ್ನಿನ ರಾಯಲ್ ಸೊಸೈಟಿ ಈ ಮೂರೂ 2014ರಲ್ಲಿ ಒಪ್ಪಿದ ವ್ಯಾಖ್ಯೆಯ ಪ್ರಕಾರ, ನಿಸರ್ಗ ವಿಭಾಗದ ಚಿತ್ರದಲ್ಲಿ ಮನುಷ್ಯನ ಗುರುತು, ನಿಸರ್ಗದ ಕಥೆಗೆ ಅನಿವಾರ್ಯವಾದ ಹೊರತು, ಇರಕೂಡದು. ಹಕ್ಕಿಯ ಚಿತ್ರಕ್ಕೆ ಈ ನಿಯಮ ಸರಿಯಿರಬಹುದು. ಗಿಡುಗನ ಹಿಂದೆ ಸೈಕಲ್ ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಬರೀ ಭೂದೃಶ್ಯಕ್ಕೆ ಬೇರೆ ವಿಭಾಗಗಳಿವೆ, ಅಲ್ಲಿ ಈ ನಿಯಮ ಇಲ್ಲ ಎಂಬುದೂ ನಿಜ. ನಿಯಮ ಇಲ್ಲದ ಕಡೆ ಅಭ್ಯಾಸ ಇದೆ. ತೀರ್ಪುಗಾರರು ಒಂದು ವಿದ್ಯುತ್ ಕಂಬವನ್ನು ಕಂಡರೆ ಹಲ್ಲಿನಲ್ಲಿ ಕಲ್ಲು ಸಿಕ್ಕಂತೆ ಮುಖ ಮಾಡುತ್ತಾರೆ. ಪದಕ ಬೇಕಾದವನು ಆ ಕಂಬವನ್ನು ಅಳಿಸಲು ಕಲಿಯುತ್ತಾನೆ. ಕ್ರಮೇಣ ಕಂಬ ಇರುವ ಕಡೆಗೆ ಹೋಗುವುದನ್ನೇ ಬಿಡುತ್ತಾನೆ. ಹಾಗೆ ಕಲಿತ ನಮ್ಮ ಹುಡುಗರೇ ಫೀನಿಕ್ಸಿಗೆ ಹೋಗಿ ನಾಲ್ಕು ಪುಟದ ಯೋಜನೆ ಬರೆಯುತ್ತಾರೆ.

ಎದುರಾಳಿಗಳ ವಾದದಲ್ಲಿ ಬಲವಾದದ್ದು ಒಂದಿದೆ, ಅದನ್ನು ಹಾರಿಸಬಾರದು. ಈ ಬೆಳಕಿನ ಕಂಬವನ್ನು ನೋಡಲು ಬರುವ ಪ್ರವಾಸಿಗಳ ಹಣವೇ ಎಷ್ಟೋ ನವಾಹೋ ಕುಟುಂಬಗಳ ಅನ್ನ. ವಿದ್ಯುತ್ ಕೇಂದ್ರ ನಿಂತು ನೂರಾರು ಜನ ಕೆಲಸ ಕಳೆದುಕೊಂಡ ಮೇಲಂತೂ ಆ ಅನ್ನದ ಬೆಲೆ ಹೆಚ್ಚಿದೆ. ಕೋವಿಡ್ ಕಾಲದಲ್ಲಿ ಕೊರಕಲು 2020ರ ಮಾರ್ಚಿಯಿಂದ ಮರುವರ್ಷದ ಜುಲೈವರೆಗೆ ಮುಚ್ಚಿದ್ದಾಗ ಅವರ ಸಂಪಾದನೆಯೂ ಮುಚ್ಚಿತು. ಹೀಗಿರುವಾಗ ಹೋಗಬೇಡಿ ಎನ್ನುವುದು ಯಾರಿಗೂ ಉಪಕಾರವಲ್ಲ. ನಾನೂ ಹೋಗಬೇಡಿ ಎನ್ನುತ್ತಿಲ್ಲ. ಟಿಕೆಟ್ಟಿಗೆ ಹಣ ಕೂಡಿಡುತ್ತಿದ್ದೇನೆ. ಯೋಜನೆ ಬೇಡ ಎಂದೂ ಹೇಳುತ್ತಿಲ್ಲ. ಬೆಳಕು ಯಾರಿಗೂ ಕಾಯುವುದಿಲ್ಲ, ಲೆಕ್ಕ ಹಾಕದೆ ಹೋದವನು ಬರಿಗೈಯಲ್ಲಿ ಬರುತ್ತಾನೆ. ನನ್ನ ಜಗಳ ಆ ಲೆಕ್ಕದಲ್ಲಿ ಏನೇನು ಸೇರಬೇಕು ಎಂಬುದರ ಮೇಲೆ. ತನ್ನ ನೆಲದ ಕಥೆಯನ್ನು ಹೇಳಬಲ್ಲ ಗೈಡನ್ನು ‘ಇಲ್ಲಿ ನಿಲ್ಲಿ, ಹೀಗೆ ಹಿಡಿಯಿರಿ’ ಎಂದು ಹೇಳುವ ಯಂತ್ರವಾಗಿ ಮಾಡಿ, ಆಮೇಲೆ ಅವನಿಗೆ ಅನ್ನ ಕೊಟ್ಟೆವೆಂದು ಬೀಗುವುದರ ಮೇಲೆ.

ಆ ಪತ್ರವನ್ನು ನಾನು ತಿದ್ದಿ ಹಿಂದಕ್ಕೆ ಕಳುಹಿಸಿದ್ದೇನೆ. ತಿಂಗಳು ಜನವರಿ. ಆಗ ಸೂರ್ಯ ತಗ್ಗಿನಲ್ಲಿರುತ್ತಾನೆ, ಬೆಳಕಿನ ಕಂಬ ಇಳಿಯುವುದಿಲ್ಲ. ಕೊರಕಲಿನಲ್ಲಿ ಮಂದವಾದ, ಗೋಡೆಯಿಂದ ಗೋಡೆಗೆ ಪುಟಿದು ಬಂದ ಬೆಳಕು ಮಾತ್ರ. ಜನವೂ ಕಡಿಮೆ, ಗೈಡಿಗೆ ಮಾತಾಡಲು ವ್ಯವಧಾನ. ನೀರು ಹಿಂದೆ ಎಲ್ಲಿಯವರೆಗೆ ಏರಿತ್ತು ಎಂಬುದನ್ನು ಗೋಡೆಯ ಮೇಲೆ ತೋರಿಸಿಕೊಳ್ಳುವುದು ಮೊದಲ ಚಿತ್ರ. ಸಂಜೆಗೆ ಹಾರ್ಸ್‌ಶೂ ಬೆಂಡಿನ ಬದಲು ಅಣೆಕಟ್ಟು. ಜಲಾಶಯ 2023ರ ಆರಂಭದಲ್ಲಿ, ತುಂಬಿದ ಮೇಲೆ ಎಂದೂ ಇಳಿಯದಷ್ಟು ಇಳಿದು, ನಾಲ್ಕನೆಯ ಒಂದು ಭಾಗವೂ ಉಳಿದಿರಲಿಲ್ಲ. ಕೆಂಪು ಬಂಡೆಯ ಮೇಲೆ ಹಳೆಯ ನೀರಿನ ಮಟ್ಟ ಬಿಳಿಯ ಪಟ್ಟಿಯಾಗಿ ನಿಂತದ್ದು ದೂರದಿಂದಲೇ ಕಾಣುತ್ತದೆ. ಪೋರ್ಟರನ ಕಾಲದಲ್ಲಿ ಮುಳುಗಿದ ಕೊರಕಲುಗಳಲ್ಲಿ ಕೆಲವು ಆಗ ಮತ್ತೆ ಬಿಸಿಲು ಕಂಡುವು. ಮೂರನೆಯ ದಿನ ಡಿ ಶೇ ಕಮರಿ, ಅಲ್ಲಿಯವರೇ ಆದ ಮಾರ್ಗದರ್ಶಿಯೊಡನೆ. ಹೊಲದವರು ಒಪ್ಪಿದರೆ ಮಾತ್ರ ಚಿತ್ರ, ಒಪ್ಪದಿದ್ದರೆ ಕ್ಯಾಮರಾ ಚೀಲದಲ್ಲಿ.

ನಮ್ಮ ಛಾಯಾಚಿತ್ರ ಸಂಘಗಳಿಗೂ ಒಂದು ಸಲಹೆ. ವಾರ್ಷಿಕ ಪ್ರದರ್ಶನಗಳಲ್ಲಿ ಚಿತ್ರದ ಕೆಳಗೆ ಒಂದು ಚೀಟಿ ಅಂಟಿಸುವುದುಂಟು. ಅದರಲ್ಲಿ ಕ್ಯಾಮರಾದ ಹೆಸರು, ಲೆನ್ಸಿನ ಹೆಸರು, ಎಷ್ಟು ಸೆಕೆಂಡು ಎಂದು ಬರೆಯುತ್ತಾರೆ. ಮುಂದಿನ ವರ್ಷ ಅವನ್ನು ಬಿಟ್ಟು, ಆ ಜಾಗವನ್ನು ಅಲ್ಲಿಯ ಜನ ಏನೆಂದು ಕರೆಯುತ್ತಾರೆ, ನೆಲ ಯಾರದು, ನೀರು ಯಾವ ಕಡೆಯಿಂದ ಬರುತ್ತದೆ ಎಂದು ಬರೆಯಲಿ. ಚೀಟಿಯ ಅಳತೆಯನ್ನು ಬದಲಾಯಿಸಬೇಕಾಗಿಲ್ಲ, ಅಷ್ಟರಲ್ಲೇ ಹಿಡಿಸುತ್ತದೆ.